ಮೂವತ್ತಮೂರರ ಮಗ್ಗಿ

ಇದ್ದ ಕರೆಂಟನ್ನು ಅರ್ಜಿ ಕೊಟ್ಟು ತೆಗೆಸಿದವನು ನಮ್ಮ ಊರಿನಲ್ಲಿ ನಾನೊಬ್ಬನೇ. 2022ರ ಜನವರಿಯಲ್ಲಿ ಲೈನ್‌ಮನ್ ಬಂದು ಜಗುಲಿಯ ಗೋಡೆಯಿಂದ ಮೀಟರ್ ಕಳಚುತ್ತಿದ್ದಾಗ ಪಕ್ಕದ ಮನೆಯ ಹೆಗಡೇರು ಬೇಲಿಯಾಚೆ ನಿಂತು ಬಹಳ ಹೊತ್ತು ನೋಡಿದರು. ಬಿಲ್ಲು ಬಾಕಿ ಉಳಿದು ಹೀಗಾಗಿರಬೇಕು ಎಂದು ಅವರು ಭಾವಿಸಿದ್ದರೆಂದೂ, ಹೊಸದಾಗಿ ಬಂದವನ ಮರ್ಯಾದೆ ಹೋಗಬಾರದೆಂದು ಹಣ ಬೇಕೇ ಎಂದು ಕೇಳಲು ಎರಡು ಸಲ ಬೇಲಿಯವರೆಗೆ ಬಂದು ಹಿಂದಿರುಗಿದರೆಂದೂ ನನಗೆ ಗೊತ್ತಾದದ್ದು ವರ್ಷದ ಮೇಲೆ. ಆ ದಿನ ಮಾತ್ರ ನಾನು ಗೋಡೆಯ ಮೇಲೆ ಉಳಿದ ಚೌಕಾಕಾರದ ಬಿಳಿ ಗುರುತಿನ ಫೋಟೋ ತೆಗೆದು, ಬೆಂಗಳೂರಿನ ಗೆಳೆಯರಿಗೆಲ್ಲ ಹೆಮ್ಮೆಯಿಂದ ಕಳಿಸಿದ್ದೆ.

ಈ ಹೆಮ್ಮೆಯ ಬೇರು ಒಂದು ಮಗ್ಗಿಯಲ್ಲಿದೆ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರರು ಅಲ್ಲಿನ ಷೇರು ಮತ್ತು ಬಾಂಡುಗಳ ಹಳೆಯ ಅಂಕಿ ಅಂಶಗಳನ್ನು ಜಾಲಾಡಿ, ನಿವೃತ್ತನಾದವನು ಮೊದಲ ವರ್ಷ ತನ್ನ ಗಂಟಿನ ಶೇ 4ರಷ್ಟನ್ನು ತೆಗೆದು, ಮುಂದೆ ವರ್ಷವರ್ಷವೂ ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವನ್ನು ಹೆಚ್ಚಿಸಿಕೊಂಡು ಹೋದರೂ ಗಂಟು 30 ವರ್ಷ ಬಾಳುತ್ತದೆ ಎಂದು ತೋರಿಸಿದರು. ಇದನ್ನು ತಿರುಗಿಸಿ ಓದಿದರೆ, ವಾರ್ಷಿಕ ಖರ್ಚಿನ 25 ಪಟ್ಟು ಹಣ ಕೂಡಿಟ್ಟವನು ಇನ್ನು ದುಡಿಯಬೇಕಿಲ್ಲ ಎಂದಾಗುತ್ತದೆ. ಬೇಗ ನೌಕರಿ ಬಿಡಬೇಕೆಂದು ಲೆಕ್ಕ ಹಾಕುತ್ತ ಕೂರುವ ನನ್ನಂಥವರಿಗೆಲ್ಲ ಇದು ಗಾಯತ್ರಿ ಮಂತ್ರವಿದ್ದಂತೆ. ಆದರೆ ಬೆಂಗೆನ್ ಅವರ ಲೆಕ್ಕ ಅಮೆರಿಕದ್ದು, 30 ವರ್ಷದ್ದು. ನನಗಾಗ 41 ವರ್ಷ, ನಮ್ಮ ದೇಶದ ಬೆಲೆಯೇರಿಕೆಯ ಓಟವೂ ಬೇರೆ. ಆದ್ದರಿಂದ ನಾನು ಶೇ 3 ಎಂದು ಹಿಡಿದೆ. ಅಂದರೆ 33 ಪಟ್ಟು. ಬೆಂಗಳೂರಿನಲ್ಲಿ ತಿಂಗಳಿಗೆ 90,000 ರೂಪಾಯಿ ಖರ್ಚು ಮಾಡುತ್ತಿದ್ದ ನಮ್ಮ ಸಂಸಾರಕ್ಕೆ ಈ ಮಗ್ಗಿಯ ಪ್ರಕಾರ ಮೂರೂವರೆ ಕೋಟಿ ಬೇಕು. ಅದೇ ಖರ್ಚನ್ನು 30,000ಕ್ಕೆ ಇಳಿಸಿದರೆ ಒಂದು ಕೋಟಿ 19 ಲಕ್ಷ ಸಾಕು. ತಿಂಗಳ ಖರ್ಚಿನಲ್ಲಿ ಒಂದು ಸಾವಿರ ಕಡಿಮೆಯಾದರೆ ಕೂಡಿಡಬೇಕಾದ ಹಣದಲ್ಲಿ ಹತ್ತಿರ ಹತ್ತಿರ ನಾಲ್ಕು ಲಕ್ಷ ಕಡಿಮೆಯಾಗುತ್ತದೆ. ಇದು ತಲೆಗೆ ಹೊಕ್ಕ ದಿನದಿಂದ ಗ್ಯಾಸ್ ಸಿಲಿಂಡರ್, ಹಾಲಿನ ಪ್ಯಾಕೆಟ್, ಕರೆಂಟ್ ಬಿಲ್ ಎಲ್ಲವೂ ನನಗೆ ನಾಲ್ಕು ನಾಲ್ಕು ಲಕ್ಷದ ಗಂಟುಗಳಾಗಿ ಕಾಣತೊಡಗಿದವು. ಐವತ್ತು ಸಾವಿರದ ಗೋಬರ್ ಗ್ಯಾಸ್ ಗುಂಡಿ ನಾಲ್ಕು ಲಕ್ಷದ ಠೇವಣಿಗೆ ಸಮವಾಗುವುದಾದರೆ ಯಾವ ಮೂರ್ಖ ತಾನೇ ಗುಂಡಿ ತೋಡಿಸುವುದಿಲ್ಲ?

ಹೀಗೆ ನನ್ನ ಆರ್ಥಿಕ ಸ್ವಾತಂತ್ರ್ಯದ ಹಾದಿ ಮಲೆನಾಡಿಗೆ ಬಂದು ಮುಟ್ಟಿತು. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ ಮತ್ತು 79ಬಿ ಕಲಮುಗಳನ್ನು ಕೈಬಿಟ್ಟಿತು. ಕೃಷಿಕರಲ್ಲದವರೂ, ಎಷ್ಟೇ ಆದಾಯವಿರುವವರೂ ಕೃಷಿ ಜಮೀನು ಕೊಳ್ಳಬಹುದೆಂದಾಯಿತು. ರೈತ ಸಂಘಟನೆಗಳು ಬೀದಿಗಿಳಿದು ಅದನ್ನು ವಿರೋಧಿಸಿದವು. ಅವರ ಆತಂಕದಲ್ಲಿ ಹುರುಳಿದೆ ಎಂದು ಒಪ್ಪುತ್ತಲೇ ಆ ತಿದ್ದುಪಡಿಯ ಫಲಾನುಭವಿಯಾಗಿ ಮರುವರ್ಷ ಇಲ್ಲಿ ಮೂರು ಎಕರೆ ಕೊಂಡವನು ನಾನು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಒಂದೂವರೆ ಎಕರೆ ಅಡಿಕೆ ತೋಟ, ನಡುನಡುವೆ ಕಾಳುಮೆಣಸು. 30 ಗುಂಟೆ ಗದ್ದೆ. ಉಳಿದದ್ದು ಮನೆ, ಕೊಟ್ಟಿಗೆ, ಹಿತ್ತಲು. ಹಿಂದೆ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಹರಿದುಬರುವ ಅಬ್ಬಿ ನೀರು. ಮಾರಿದವರು ಎಪ್ಪತ್ತು ದಾಟಿದ ದಂಪತಿ. ಮಗ ಹೊರದೇಶದಲ್ಲಿದ್ದ. ಅವರಿಗೆ ಬೇಕಾಗಿದ್ದುದು ಲಿಫ್ಟ್ ಇರುವ ಮನೆ, ನಡೆದು ಹೋಗುವಷ್ಟು ದೂರದಲ್ಲಿ ಆಸ್ಪತ್ರೆ, ತಿಂಗಳು ತಿಂಗಳು ಬರುವ ಬಡ್ಡಿ. ನಾನು ಕೊಟ್ಟ ಹಣದಲ್ಲಿ ಅವರು ಶಿವಮೊಗ್ಗದಲ್ಲಿ ಫ್ಲ್ಯಾಟ್ ಕೊಂಡು, ಉಳಿದದ್ದನ್ನು ಠೇವಣಿ ಇಟ್ಟರು. ನೋಂದಣಿಯ ದಿನ ಕಚೇರಿಯ ಕಟ್ಟೆಯ ಮೇಲೆ ಕುಳಿತು ಅವರು, "ನಿಮಗೆ ಬಿಡುಗಡೆ ಬೇಕು ಅಂತ ನೀವು ಒಳಗೆ ಬರ್ತಾ ಇದ್ದೀರಿ, ನಮಗೆ ಬಿಡುಗಡೆ ಬೇಕು ಅಂತ ನಾವು ಹೊರಗೆ ಹೋಗ್ತಾ ಇದ್ದೇವೆ" ಎಂದಿದ್ದರು. ಆಗ ಅದು ನನಗೆ ಬರೀ ತಮಾಷೆಯಾಗಿ ಕೇಳಿಸಿತ್ತು.

ಕರೆಂಟಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಾನು ಅತಿ ಹೆಚ್ಚು ಪೆಟ್ಟು ತಿಂದದ್ದು ಅಲ್ಲಿಯೇ. ಒಳ್ಳೆಯ ಬಿಸಿಲಿದ್ದರೆ ನಮ್ಮ ರಾಜ್ಯದಲ್ಲಿ ಒಂದು ಕಿಲೋವಾಟ್ ಸೌರಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವಾಟ್ ಹಾಕಿಸಿದೆ. 12 ವೋಲ್ಟಿನ, 150 ಆಂಪಿಯರ್ ಅವರಿನ ನಾಲ್ಕು ಟ್ಯೂಬುಲರ್ ಬ್ಯಾಟರಿಗಳನ್ನು ಜೋಡಿಸಿದೆ. ಕಾಗದದ ಮೇಲೆ ಅದು ಏಳು ಯೂನಿಟ್ ಚಿಲ್ಲರೆ ಸಂಗ್ರಹ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ನಿಜವಾಗಿ ಸಿಗುವುದು ಮೂರೂವರೆ. ಬೇಸಿಗೆಯಲ್ಲಿ ಎಲ್ಲವೂ ಸೊಗಸಾಗಿತ್ತು. ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಈ ಕಡೆಯ ಮಳೆಯೆಂದರೆ ಬಯಲುಸೀಮೆಯಿಂದ ಬಂದವನಿಗೆ ಊಹೆಗೆ ನಿಲುಕುವಂಥದ್ದಲ್ಲ. ಆಕಾಶ ನೆಲಕ್ಕೆ ಇಳಿದು ಹೆಂಚಿನ ಮೇಲೆ ಕುಳಿತುಬಿಡುತ್ತದೆ. ಜುಲೈನಲ್ಲಿ ಎರಡು ಕಿಲೋವಾಟಿನ ಆ ಫಲಕಗಳಿಂದ ಕೆಲವು ದಿನ ಒಂದು ಯೂನಿಟ್ಟೂ ಹುಟ್ಟಲಿಲ್ಲ. ದಿನವೂ ಅರೆಹೊಟ್ಟೆಯಲ್ಲಿ ಮಲಗಿದ ಬ್ಯಾಟರಿಗಳೊಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿತು. ಬಿಳಿ ಮುಚ್ಚಳ ತಿರುಗಿಸಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರೆ 1,240ರಲ್ಲಿ ತೇಲಬೇಕಾದ ಗಾಜಿನ ಕೊಳವೆ 1,150ಕ್ಕೆ ಮುಳುಗಿ ನಿಲ್ಲುತ್ತಿತ್ತು. ಹಾಗೆ ಅದ್ದಿ ಎತ್ತುವಾಗ ತೊಟ್ಟಿಕ್ಕಿದ ಆಸಿಡ್ ನನ್ನ ಪಂಚೆಯ ತುಂಬ ಅಕ್ಕಿಕಾಳಿನಷ್ಟು ತೂತುಗಳನ್ನು ಮಾಡಿತು. ಬ್ಯಾಟರಿ ಮಾರಿದವನಿಗೆ ಫೋನು ಮಾಡಿದರೆ ಇನ್ನೂ ನಾಲ್ಕು ಫಲಕ ಹಾಕಿಸಿ ಎಂದ. ಇಲ್ಲದ ಬಿಸಿಲಿಗೆ ಫಲಕ ಹೆಚ್ಚಿಸಿ ಏನು ಮಾಡುವುದು?

ದಾರಿ ಕಣ್ಣೆದುರೇ ಹರಿಯುತ್ತಿತ್ತು. ಮಲೆನಾಡಿನಲ್ಲಿ ಬಿಸಿಲು ಕೈಕೊಡುವ ತಿಂಗಳುಗಳಲ್ಲೇ ಹಳ್ಳ ತುಂಬುತ್ತದೆ. ಘಟ್ಟದ ಅಂಚಿನ ಎಷ್ಟೋ ಒಂಟಿ ಮನೆಗಳಲ್ಲಿ ಪುಟ್ಟ ಟರ್ಬೈನುಗಳು ಎಷ್ಟೋ ವರ್ಷಗಳಿಂದ ತಿರುಗುತ್ತಿವೆ. ನಮ್ಮ ಹಳ್ಳದಲ್ಲಿ 22 ಮೀಟರ್ ಎತ್ತರದಿಂದ ಪೈಪಿನಲ್ಲಿ ಸೆಕೆಂಡಿಗೆ ನಾಲ್ಕು ಲೀಟರ್ ನೀರು ಇಳಿಸಿದರೆ, ಅರ್ಧ ನಷ್ಟವಾದರೂ 400 ವಾಟ್‌ಗೆ ಕಡಿಮೆಯಿಲ್ಲ. ಇದೇನು ಮಹಾ ಎನ್ನಬಹುದು. ಆದರೆ ನೀರಿಗೆ ರಾತ್ರಿಯೆಂಬುದಿಲ್ಲ. 24 ಗಂಟೆಯೂ ತಿರುಗಿದರೆ ದಿನಕ್ಕೆ ಹತ್ತು ಯೂನಿಟ್, ಅಂದರೆ ನನ್ನ ಇಡೀ ಛಾವಣಿ ಚೈತ್ರದಲ್ಲಿ ಕೊಡುವುದಕ್ಕಿಂತ ಹೆಚ್ಚು. 2023ರ ಮಳೆಗಾಲಕ್ಕೆ ಟರ್ಬೈನ್ ಕೂತಿತು. ಅಂದಿನಿಂದ ನಮ್ಮ ಮನೆಯ ದೊಡ್ಡ ಶತ್ರು ದರಕು, ಎಂದರೆ ಒಣಗಿ ಉದುರಿದ ಎಲೆ. ಪೈಪಿನ ಬಾಯಿಗೆ ಒಂದು ಹಿಡಿ ದರಕು ಬಂದು ಕಚ್ಚಿಕೊಂಡರೆ ಸಾಕು, ದೀಪ ಮೊದಲು ಕೆಂಪಾಗಿ ಆಮೇಲೆ ಆರುತ್ತದೆ. ನಡುರಾತ್ರಿ ಎರಡು ಗಂಟೆಗೆ ಕಂಬಳಿಕೊಪ್ಪೆ ಹೊದ್ದು, ಕಾಲಿಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು, ಉಂಬಳಗಳ, ಎಂದರೆ ಕಾಡಿನ ಜಿಗಣೆಗಳ, ನಡುವೆ ಗುಡ್ಡ ಹತ್ತಿ, ಮೊಣಕೈವರೆಗೆ ತಣ್ಣೀರಿನಲ್ಲಿ ಕೈಯಿಳಿಸಿ ಎಲೆ ಕೀಳುವವನ ಕೂಲಿಯನ್ನು ಮೂವತ್ತಮೂರರ ಮಗ್ಗಿಯಲ್ಲಿ ಯಾವ ಕಲಮಿಗೆ ಸೇರಿಸಬೇಕು?

ಅದೇ ವರ್ಷ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಹೆಗಡೇರ ಮನೆಯ ಬಿಲ್ಲು ಸೊನ್ನೆಯಾಯಿತು. ನನಗೋ, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕಾದ ಬ್ಯಾಟರಿಗಳ ಲೆಕ್ಕ ಹಾಕಿದರೆ ವರ್ಷಕ್ಕೆ 15,000 ರೂಪಾಯಿ. ಮಗ್ಗಿಯ ಪ್ರಕಾರ ಐದು ಲಕ್ಷದ ಗಂಟು. ಸರ್ಕಾರದ ತಂತಿಯಿಂದ ಬಿಡಿಸಿಕೊಳ್ಳಲು ನಾನು ಐದು ಲಕ್ಷ ಎತ್ತಿಡಬೇಕಾಗಿತ್ತು. 2024ರಲ್ಲಿ ಮತ್ತೆ ಅರ್ಜಿ ಕೊಟ್ಟು ಮೀಟರ್ ಹಾಕಿಸಿದೆ; ಅದು ಆ ಬಿಳಿ ಗುರುತಿನ ಮೇಲೆಯೇ ಸರಿಯಾಗಿ ಕೂತಿತು. ಟರ್ಬೈನು ಈಗಲೂ ಇದೆ. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದು ನಾಲ್ಕು ದಿನ ಊರು ಕತ್ತಲಾದಾಗ ನಮ್ಮ ಜಗುಲಿಯಲ್ಲಿ ಹತ್ತು ಹನ್ನೆರಡು ಮೊಬೈಲುಗಳು ಸಾಲಾಗಿ ಮಲಗಿರುತ್ತವೆ. ಇನ್ನೊಂದನ್ನೂ ಹೇಳಿಬಿಡಬೇಕು: ವಿದ್ಯುತ್ ತಂತಿ ಬೇಡವೆಂದ ಈ ಮನೆಗೆ ಇಂಟರ್ನೆಟ್ಟಿನ ತಂತಿಯನ್ನು ಮಾತ್ರ ಬಂದ ಮೊದಲ ತಿಂಗಳಲ್ಲೇ ಎಳೆಸಿದ್ದೆವು, ಏಕೆಂದರೆ ನನ್ನ ಹೆಂಡತಿ ವಾರಕ್ಕೆ ಎರಡು ದಿನ ಬೆಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ನೋಡುತ್ತಾಳೆ. ನಮ್ಮ ಆರೋಗ್ಯ ವಿಮೆಯ ಕಂತು ಹೋಗುವುದು ಅವಳ ಆ ಸಂಬಳದಿಂದ. "ನಿಮ್ಮ ಸ್ವಾತಂತ್ರ್ಯಕ್ಕೆ ನಾನು ಕಪ್ಪ ಕಟ್ಟುತ್ತಿದ್ದೇನೆ" ಎಂದು ಅವಳು ನಗುತ್ತಾಳೆ. ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಗೋಬರ್ ಗ್ಯಾಸಿನ ಕತೆ ಇಷ್ಟು ಉದ್ದವಿಲ್ಲ. ಎರಡು ಘನಮೀಟರಿನ ದೀನಬಂಧು ಮಾದರಿಯ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು. ನಮ್ಮಲ್ಲಿರುವುದು ಎರಡು ಮಲೆನಾಡು ಗಿಡ್ಡ ಹಸುಗಳು. ಹಗಲೆಲ್ಲ ಬೆಟ್ಟದಲ್ಲಿ ಮೇಯ್ದು, ಸಗಣಿಯ ಅರ್ಧವನ್ನು ಅಲ್ಲೇ ದಾನ ಮಾಡಿ ಸಂಜೆ ಕೊಟ್ಟಿಗೆಗೆ ಬರುವ ಅವು ನಮಗೆ ಉಳಿಸುವುದು 15 ಕೆ.ಜಿ. ಅಷ್ಟರಲ್ಲಿ ಒಲೆ ಒಂದೂವರೆ ಗಂಟೆ ಉರಿಯುತ್ತದೆ. ಉಳಿದ ಅಡುಗೆ ಹಿಂದಿನವರು ಬಿಟ್ಟುಹೋದ ಅಸ್ತ್ರ ಒಲೆಯ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಎಂಬ ವಿಭಾಗದಿಂದ ಹುಟ್ಟಿ ಬಂದ ಈ ಒಲೆ ಸೌದೆಯನ್ನು ಉಳಿಸುತ್ತದೆ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುತ್ತದೆ. ಬೆಂಗಳೂರಿನಲ್ಲಿ ಅದು ಹುಟ್ಟಿದ ಜಾಗದಿಂದ ಆರು ಕಿಲೋಮೀಟರ್ ದೂರದಲ್ಲಿ ಹದಿನೈದು ವರ್ಷ ಬದುಕಿದ್ದ ನಾನು ಅದರ ಹೆಸರು ಕೇಳಿದ್ದು ಇಲ್ಲಿಗೆ ಬಂದ ಮೇಲೆ. ಇನ್ನು ಸಿಲಿಂಡರ್ ವರ್ಷಕ್ಕೆ ಮೂರು ಸಾಕಾಗುತ್ತದೆ, ಆ ಮಟ್ಟಿಗೆ ಲಾಭವೇ. ಆದರೆ ಹಸು ಕಟ್ಟಿದ ಮೇಲೆ ನಾನು, ಹೆಂಡತಿ, ಮಗಳು ಮೂವರೂ ಒಟ್ಟಿಗೆ ಒಂದು ರಾತ್ರಿ ಮನೆಯ ಹೊರಗೆ ಉಳಿದದ್ದಿಲ್ಲ. ಹಗ್ಗದ ಒಂದು ತುದಿ ಹಸುವಿನ ಕೊರಳಲ್ಲಿದ್ದರೆ ಇನ್ನೊಂದು ತುದಿ ಎಲ್ಲಿರುತ್ತದೆಂದು ಕೊಟ್ಟಿಗೆ ಇದ್ದವರಿಗೆಲ್ಲ ಗೊತ್ತು.

ಅಕ್ಕಿ ಮನೆಯದೇ. 30 ಗುಂಟೆಯಲ್ಲಿ 12 ಕ್ವಿಂಟಲ್ ಭತ್ತ ಬಂದರೆ ಊಟಕ್ಕೆ ಉಳಿದು ನೆಂಟರಿಗೂ ಆಗುತ್ತದೆ. ಆಳಿನ ಕೂಲಿಯನ್ನೂ ಟಿಲ್ಲರ್ ಬಾಡಿಗೆಯನ್ನೂ ಕೂಡಿಸಿದ ವರ್ಷ ನಮ್ಮ ಅಕ್ಕಿ ಕಿಲೋಗೆ 62 ರೂಪಾಯಿ ಬಿತ್ತು. ಪೇಟೆಯಲ್ಲಿ ಅದಕ್ಕಿಂತ ಸಣ್ಣ ಅಕ್ಕಿ 55ಕ್ಕೆ ಸಿಗುತ್ತಿತ್ತು. ಕೆಸು, ಬಾಳೆ, ಹಲಸು, ಕಳಲೆ, ಮುರುಗಲು, ತಂಬುಳಿಗೆ ಬೇಕಾದ ಕುಡಿಗಳು ಇವಕ್ಕೆ ಲೆಕ್ಕವಿಟ್ಟಿಲ್ಲ. ಮಂಗಗಳು ಬಿಟ್ಟಷ್ಟು ನಮ್ಮದು. ಉಪ್ಪು, ಎಣ್ಣೆ, ತೊಗರಿಬೇಳೆ, ಚಹಾಪುಡಿ ಅಂಗಡಿಯಿಂದಲೇ ಬರಬೇಕು. ಮೊದಲ ವರ್ಷ ಇದು ನನಗೆ ಸೋಲಿನಂತೆ ಕಾಣುತ್ತಿತ್ತು. ಹಿಂದಿನ ಕಾಲದ ಮಲೆನಾಡು ತನಗೆ ಬೇಕಾದದ್ದನ್ನೆಲ್ಲ ತಾನೇ ಬೆಳೆದುಕೊಂಡು, ಪೇಟೆಯ ಹಂಗಿಲ್ಲದೆ ಬದುಕಿತ್ತೆಂಬ ಒಂದು ಚಿತ್ರ ಬೆಂಗಳೂರಿನಿಂದಲೇ ನನ್ನ ತಲೆಯಲ್ಲಿ ಬಂದಿತ್ತು. ಆ ಚಿತ್ರ ಸುಳ್ಳು. ಇಲ್ಲಿಗೆ ಉಪ್ಪು ಘಟ್ಟದ ಕೆಳಗಿನಿಂದ, ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಆಗರಗಳಿಂದ ಎತ್ತಿನ ಬೆನ್ನೇರಿ ಬರಬೇಕಾಗಿತ್ತು; ಇಲ್ಲಿಂದ ಮೆಣಸು ಅದೇ ದಾರಿಯಲ್ಲಿ ಕೆಳಗಿಳಿಯುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದದ್ದು ಸುಮ್ಮನೆಯಲ್ಲ. ನಾನು ಸ್ವಾವಲಂಬನೆಯನ್ನು ಹುಡುಕಿಕೊಂಡು ಬಂದ ನೆಲ ನಾನೂರು ವರ್ಷಗಳ ಹಿಂದೆಯೇ ಸಮುದ್ರದಾಚೆಯ ಊಟದ ತಟ್ಟೆಯನ್ನು ನಂಬಿ ಬಳ್ಳಿ ಹಬ್ಬಿಸುತ್ತಿತ್ತು. ಅಡಿಕೆಯಂತೂ ಹೊಟ್ಟೆಗೆ ಹಾಕಿಕೊಳ್ಳುವ ಬೆಳೆಯೇ ಅಲ್ಲ. ಇಲ್ಲಿನ ಬೆಳೆಗಾರರು ದಲಾಲರ ಹಿಡಿತದಿಂದ ಹೊರಬರಲು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘವನ್ನು ಕಟ್ಟಿದರು. ಊರವರು ಟಿಎಸ್‌ಎಸ್ ಎಂದು ಕರೆಯುವ ಆ ಸಂಘಕ್ಕೆ ಈಗ ನೂರು ವರ್ಷ ದಾಟಿದೆ. ನಮ್ಮ ಊರಿನ ಯಾರನ್ನೇ ಕೇಳಿದರೂ ಆರ್ಥಿಕ ಸ್ವಾತಂತ್ರ್ಯವೆಂದರೆ ಅವರಿಗೆ ಹೊಳೆಯುವುದು ಸಂಘದ ಪಾಸ್‌ಬುಕ್ಕೇ ಹೊರತು ನನ್ನ ಶೇ 3 ಅಲ್ಲ.

ಬೆಟ್ಟದ ವಿಷಯದಲ್ಲೂ ನನ್ನ ಲೆಕ್ಕ ತಲೆಕೆಳಗಾಯಿತು. ಗೊಬ್ಬರಕ್ಕೆ ಪೇಟೆಯ ಮೂಟೆ ಬೇಡ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ದರಕನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿದರಾಯಿತು ಎಂದುಕೊಂಡಿದ್ದೆ. ದರಕು ಗುಡಿಸುವುದು ಜನವರಿಯಿಂದ ಮಾರ್ಚ್‌ವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಅದೇ ತಿಂಗಳುಗಳಲ್ಲಿ, ಅದೇ ಒಣಗಿದೆಲೆಗಳ ನಡುವಿನ ಉಣುಗುಗಳಿಂದ. 2019ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದದ್ದನ್ನು ಇಲ್ಲಿನವರು ಮರೆತಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಬೆಟ್ಟ ಹತ್ತುತ್ತೇವೆ. ಆ ಕೆಲಸಕ್ಕೆ ಮಗಳನ್ನು ಕರೆದೊಯ್ಯುವುದಿಲ್ಲ.

ನನ್ನ ಎಕ್ಸೆಲ್ ಹಾಳೆಗೆ ಯಾವ ರೀತಿಯಲ್ಲೂ ಸೇರಿಸಲಾಗದೆ ಹೋದದ್ದು ಮುರಿಯಾಳು. ನಮ್ಮ ತುಮಕೂರಿನ ಕಡೆ ಮುಯ್ಯಾಳು ಎನ್ನುತ್ತಾರೆ: ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು, ನಡುವೆ ದುಡ್ಡಿಲ್ಲ. ಮೊದಲ ವರ್ಷ ನಾಟಿಗೆ ಬಂದ ಆರು ಜನರಿಗೆ ನಾನು ಲಕೋಟೆಯಲ್ಲಿ ಕೂಲಿ ಹಾಕಿ ಕೊಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ, ಬೇಸರವನ್ನೂ ತೋರಿಸದೆ ಚಹಾ ಕುಡಿದು ಹೋದರು. ಆ ವರ್ಷ ಕೊಯ್ಲಿಗೆ ಮಾತ್ರ ಒಬ್ಬರೂ ಸುಳಿಯಲಿಲ್ಲ. ಕಾರಣವನ್ನು ಹೆಗಡೇರೇ ಬಿಡಿಸಿ ಹೇಳಬೇಕಾಯಿತು: "ದುಡ್ಡು ಕೊಟ್ಟು ಲೆಕ್ಕ ಚುಕ್ತಾ ಮಾಡಿಬಿಟ್ಟರೆ ಮತ್ತೆ ಬರಲಿಕ್ಕೆ ನೆಪ ಏನು ಉಳೀತು?" ಅಂದಿನಿಂದ ಮಗಳು ಅರ್ಧಕ್ಕೆ ಬಿಟ್ಟಿದ್ದ ಒಂದು ಕಾಪಿ ಪುಸ್ತಕದಲ್ಲಿ ದಿನಗಳ ಲೆಕ್ಕ ಬರೆಯುತ್ತಿದ್ದೇನೆ. ಯಾರ ಮನೆಗೆ ಅಡಿಕೆ ಸುಲಿಯಲು ಹೋದೆ, ಯಾರು ನಮ್ಮ ಬೇಲಿ ಕಟ್ಟಲು ಬಂದರು, ಯಾರದು ಅರ್ಧ ದಿನ ಬಾಕಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗೌಡನ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ನಗದಿನ ವ್ಯವಹಾರ, ಮಳೆ ಬಿಟ್ಟ ಎರಡು ದಿನಗಳಲ್ಲಿ ಇಡೀ ಊರಿಗೇ ಅವನು ಬೇಕು.

ಈ ಪುಸ್ತಕವನ್ನು ಮೂವತ್ತಮೂರರಿಂದ ಗುಣಿಸಲು ಬರುವುದಿಲ್ಲ. 46ನೆಯ ವಯಸ್ಸಿನಲ್ಲಿ ನಾನು ಹತ್ತು ದಿನ ಹೆಚ್ಚು ದುಡಿದು 66ಕ್ಕೆಂದು ಎತ್ತಿಡಲಾಗದು. ದಿನಕ್ಕೆ ಬಡ್ಡಿ ಇಲ್ಲ, ನನ್ನ ರಟ್ಟೆಯಲ್ಲಿ ಕಸುವಿರುವವರೆಗೆ ಮಾತ್ರ ಅದು ಚಲಾವಣೆ. ಊರಿನಲ್ಲಿ ಹನ್ನೊಂದು ಮನೆಗಳಿವೆ. ಏಳರಲ್ಲಿ ಅರವತ್ತು ದಾಟಿದವರಷ್ಟೇ ಇದ್ದಾರೆ, ಅವರ ಮಕ್ಕಳು ನಾನು ಬಿಟ್ಟುಬಂದ ಬೆಂಗಳೂರಿನಲ್ಲಿದ್ದಾರೆ. ಕಳೆದ ವರ್ಷ ಪುಸ್ತಕದಲ್ಲಿ ನನ್ನ ಹೆಸರಿಗೆ ಬರಬೇಕಾದ ದಿನಗಳೇ ಹೆಚ್ಚಾಗಿದ್ದವು. ಅವನ್ನು ತೀರಿಸುವ ಕೈಗಳು ವರ್ಷವರ್ಷಕ್ಕೂ ನಡುಗುತ್ತಿವೆ. ವಸೂಲಿ ಮಾಡಲು ನನಗೂ ಮನಸ್ಸಿಲ್ಲ. ಜಮೀನು ಮಾರಿದ ಆ ದಂಪತಿ ಯಾವ ಲೆಕ್ಕ ಹಾಕಿ ಹೊರಟುಹೋದರೆಂಬುದು ನನಗೆ ಈಗೀಗ ಅರ್ಥವಾಗುತ್ತಿದೆ. ಅವರ ಪುಸ್ತಕದಲ್ಲಿಯೂ ಹೀಗೆಯೇ ಬಾಕಿ ಬೆಳೆದಿರಬೇಕು.

ಆ ಹಿರಿಯರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಹಳ್ಳ ಸಂಕದ, ಎಂದರೆ ಕಾಲುಸೇತುವೆಯ, ಮಟ್ಟಕ್ಕೆ ಬಂತೇ, ಕೊಟ್ಟಿಗೆಯ ಪಡುವಣ ಮೂಲೆ ಸೋರುತ್ತಿದೆಯೇ ಎಂದು ಕೇಳುತ್ತಾರೆ. ಈ ವರ್ಷ ಮೇ ತಿಂಗಳಲ್ಲಿ ಒಂದು ಮದುವೆಗೆಂದು ಬಂದವರು ಮನೆಯೊಳಗೆ ಕಾಲಿಡುವ ಮೊದಲೇ ಅಬ್ಬಿಯ ಕಡೆ ಹೊರಟರು. ನಾನು ಹಿಂದೆಯೇ ಹೋದೆ. ಪೈಪಿನ ಬಾಯಿಗೆ ನಾನು ಕಟ್ಟಿದ್ದ ಸ್ಟೀಲಿನ ಜಾಳಿಗೆಯನ್ನು ಕೋಲಿನಿಂದ ಮುಟ್ಟಿ ನೋಡಿ, "ಇದಕ್ಕೆ ದರಕು ಚಪ್ಪಟೆಯಾಗಿ ಅಂಟುತ್ತದೆ, ಚೂಳಿ ಕಟ್ಟಬೇಕು" ಎಂದರು. ಚೂಳಿಯೆಂದರೆ ಬಿದಿರಿನ ಬುಟ್ಟಿ. ಕೊಟ್ಟಿಗೆಯ ಅಟ್ಟದಿಂದ ಹಳೆಯದೊಂದನ್ನು ತರಿಸಿ, ಬಾಯಿ ಕೆಳಗೆ ಮಾಡಿ, ನೀರಿನ ಓಟಕ್ಕೆ ಓರೆಯಾಗಿ ಕೂರಿಸಿ, ಎರಡು ಕಲ್ಲು ಹೇರಿ ಬಳ್ಳಿಯಲ್ಲಿ ಬಿಗಿದರು. ಉಬ್ಬಿದ ಮೈಯ ಮೇಲೆ ಬಂದ ಎಲೆಗಳು ಅಂಟದೆ ಪಕ್ಕಕ್ಕೆ ಜಾರಿ ಹೋಗುತ್ತವೆ, ಅಷ್ಟೇ ಉಪಾಯ. ಅವರ ಹೆಂಡತಿ ಕೆಳಗಿನಿಂದ ಬೈಯುತ್ತಿದ್ದರು, ಮದುವೆಯ ಪಂಚೆ ಕೆಸರಾಯಿತೆಂದು. ಆ ಆಗಸ್ಟ್ ಪೂರ್ತಿ ನಾನು ರಾತ್ರಿ ಗುಡ್ಡ ಹತ್ತಿದ್ದು ಒಂದೇ ಸಲ.

ಚೂಳಿ ಕಟ್ಟಿ ಇಳಿಯುವಾಗ ಅವರಿಗೆ ಕಾಪಿ ಪುಸ್ತಕದ ಸುದ್ದಿ ಹೇಳಿದೆ. ನಕ್ಕು, ತಮ್ಮ ಹೆಸರಿಗೆ ಅರ್ಧ ದಿನ ಬರೆದುಕೊಳ್ಳುವಂತೆ ಹೇಳಿದರು. ಮಾರಿ ಹೋದವರಿಗೆ ನಾನು ಮುರಿಯಾಳು ತೀರಿಸುವುದು ಹೇಗೆಂದು ಕೇಳಿದ್ದಕ್ಕೆ ಸಂಕದ ಮೇಲೆ ಒಂದು ಗಳಿಗೆ ನಿಂತು, "ನಮ್ಮ ಫ್ಲ್ಯಾಟಿನಲ್ಲಿ ಮೂರು ದಿನಕ್ಕೊಮ್ಮೆ ನೀರು ನಿಲ್ಲುತ್ತದೆ ತಮ್ಮಾ. ಶಿವಮೊಗ್ಗದ ಕಡೆ ಬಂದಾಗ ಅಬ್ಬಿದು ಒಂದು ಕ್ಯಾನ್ ತುಂಬಿಕೊಂಡು ಬಾ" ಎಂದರು.